ಅವ್ವನ ಬದನೆ ಸಸಿಗಳಿಗೆ ನಾನು ಹಾಕಿದ ಸಿಮೆಂಟ್

ನಾನು ವಿಜ್ಞಾನದ ಟೀಚರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಚಿತ್ತಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಬೇರು, ಕಾಂಡ, ಎಲೆ, ಶಿಲೀಂಧ್ರ ಎಲ್ಲವನ್ನೂ ಬಣ್ಣದ ಚಾಕ್‌ಪೀಸಿನಲ್ಲಿ ಬರೆದು, ತಿರುಗಿ ನಿಂತು, ‘ತಿಳೀತಾ?’ ಎಂದು ಜೋರು ಮಾಡುವುದು ನನ್ನ ಕೆಲಸ. ಮಕ್ಕಳಿಗೆ ತಿಳಿಯುತ್ತಿತ್ತೋ ಇಲ್ಲವೋ, ನನಗಂತೂ ತಿಳಿದಿರಲಿಲ್ಲ ಎಂಬುದು ಹೋದ ಮುಂಗಾರಿನಲ್ಲಿ ಗೊತ್ತಾಯಿತು.

ಅದಕ್ಕೂ ಮುಂಚಿನ ಚಳಿಗಾಲದಲ್ಲಿ ಅವ್ವ ತೀರಿಕೊಂಡಿದ್ದಳು. ನನ್ನ ತವರು ಸುಲೇಪೇಟ. ಅಲ್ಲಿ ಮನೆಯ ಹಿತ್ತಲಲ್ಲಿ ಅವ್ವ ತನ್ನದೇ ಒಂದು ಬದನೆ ಬೆಳೆಸುತ್ತಿದ್ದಳು. ತೊಟ್ಟಿನ ತುಂಬ ಮುಳ್ಳು, ಹಸಿರು ಮೈಗೆ ಬಿಳಿ ಗೆರೆ, ಗಾತ್ರದಲ್ಲಿ ನಿಂಬೆಹಣ್ಣಿಗಿಂತ ಚೂರು ದೊಡ್ಡದು. ಸೇಂಗಾ, ಎಳ್ಳು, ಗುರೆಳ್ಳು ತುಂಬಿ ಅವಳು ಅದರ ಎಣ್ಣೆಗಾಯಿ ಮಾಡಿದಳೆಂದರೆ ನಾವು ರೊಟ್ಟಿಯ ಲೆಕ್ಕ ಇಡುತ್ತಿರಲಿಲ್ಲ. ಬೀಜವನ್ನು ಅವಳು ಎಂದೂ ಕೊಂಡವಳಲ್ಲ. ಪ್ರತಿ ವರ್ಷ ಹಣ್ಣಾದ ಕಾಯಿಯಿಂದ ತಾನೇ ತೆಗೆದು, ಬೂದಿಯಲ್ಲಿ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಇಡುವಳು. ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರಿಂದ ಹಿತ್ತಲಿಗೆ ಹೋಗಲಿಲ್ಲ. ಹಿತ್ತಲಲ್ಲಿ ಈಗ ಅಣ್ಣನ ಟ್ರ್ಯಾಕ್ಟರ್ ನಿಲ್ಲುತ್ತದೆ.

ಬಸವ ಜಯಂತಿಗೆ ನಾನು ಸುಲೇಪೇಟಕ್ಕೆ ಹೋದಾಗ ಅಡುಗೆಮನೆ ಸ್ವಚ್ಛ ಮಾಡುತ್ತಿದ್ದ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಆ ಗಂಟು ಸಿಕ್ಕಿತು. ಬಿಚ್ಚಿದರೆ ಬೂದಿಯೇ ಜಾಸ್ತಿ, ಬೀಜ ಒಂದು ಚಿಟಿಕೆ.

“ತಂಗಿ, ಅತ್ತೀದು ಇದ ಒಂದ ಉಳದಾದ ನೋಡು,” ಎಂದರು ವೈನಿ. “ಅರ್ಧ ನೀ ಒಯ್ಯಿ, ಅರ್ಧ ನಾ ಇಟಗೋತೀನಿ. ಎಲ್ಲೆರ ಒಂದ ಕಡಿ ಹತ್ತಲಿ.”

ಎಷ್ಟು ಬುದ್ಧಿವಂತಿಕೆಯ ಮಾತು! ಆದರೆ ನನ್ನ ಒಳಗಿನ ಬಿ.ಎಸ್ಸಿ., ಬಿ.ಎಡ್. ಸುಮ್ಮನಿರಬೇಕಲ್ಲ.

“ಅರ್ಧ ಯಾಕ್ರಿ ವೈನಿ? ಎಲ್ಲಾ ಕೊಡ್ರಿ. ನಾ ಛಲೋತ್ನಾಗಿ ಸಸಿ ಮಾಡಿ ನಿಮಗ ತಂದು ಕೊಡ್ತೀನಿ. ದಿನಾ ಇದನ್ನ ಕಲಸಾಕಿ ಅದೀನಿ ನಾ.”

ಜಗುಲಿಯಲ್ಲಿ ಕೂತಿದ್ದ ಅಣ್ಣ ಅಲ್ಲಿಂದಲೇ ಅಂದ: “ಅವ್ವನ ವರ್ಷದ ಪೂಜಾಕ್ಕ ಎಡಿ ಮ್ಯಾಲ ಈ ಕಾಯಿದ ಪಲ್ಯಾನೇ ಆಗಬೇಕು ನೋಡವ್ವ. ಬ್ಯಾರೆ ಏನೂ ನಡಿಯಂಗಿಲ್ಲ.” ಅಣ್ಣ ಹೆಚ್ಚು ಮಾತಾಡುವವನಲ್ಲ. ತೊಗರಿಯ ಧಾರಣೆ ಬಿಟ್ಟರೆ ಯಾವುದಕ್ಕೂ ಬಾಯಿ ಬಿಡದವನು ಅಷ್ಟು ಹೇಳಿದನೆಂದರೆ ಅದು ಅವನಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಅರ್ಥವಾಯಿತು. ‘ಆಯ್ತು ಬಿಡಣ್ಣ, ನಂದ ಜವಾಬ್ದಾರಿ’ ಎಂದು ಗಂಟನ್ನು ಪರ್ಸಿನಲ್ಲಿ ಹಾಕಿಕೊಂಡು ಸೇಡಂ ಬಸ್ಸು ಹತ್ತಿದೆ. ಇಡೀ ಸುಲೇಪೇಟದ ಬದನೆಯ ಭವಿಷ್ಯ ನನ್ನ ಮಡಿಲಲ್ಲಿದೆ ಎಂಬಂತೆ ದಾರಿಯುದ್ದಕ್ಕೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ.

ಸೇಡಂನಲ್ಲಿ ನಮ್ಮದು ಬಾಡಿಗೆ ಮನೆ, ಮೇಲಿನ ಅಂತಸ್ತು. ನಾನು, ಯಜಮಾನರು, ನಮ್ಮ ಅತ್ತೆ. ಅಂಗಳ ಎನ್ನುವುದು ನಮಗಿಲ್ಲ. ಮಾಳಿಗೆಯ ಮೇಲೆ ಏನಿಟ್ಟರೂ ಮಂಗಗಳು ಬಿಡುವುದಿಲ್ಲ, ಬಿಸಿಲೂ ಬಿಡುವುದಿಲ್ಲ. ಹಾಗಾಗಿ ಸಸಿಗಳನ್ನು ಮನೆಯೊಳಗೇ ಮಾಡುವುದೆಂದು ತೀರ್ಮಾನಿಸಿದೆ. ಅಕ್ಕಿ ತೊಳೆಯುವ ಹಳೆಯ ಪ್ಲಾಸ್ಟಿಕ್ ಟಬ್ಬಿಗೆ ಕಬ್ಬಿಣದ ಕಡ್ಡಿ ಕಾಯಿಸಿ ತೂತು ಮಾಡಿದೆ. ನೀರು ಬಸಿದು ಹೋಗದಿದ್ದರೆ ಬೇರು ಉಸಿರುಗಟ್ಟುತ್ತದೆ ಎಂದು ಅತ್ತೆಗೆ ಒಂದು ಪಾಠವನ್ನೂ ಮಾಡಿದೆ. ಗೊಬ್ಬರಕ್ಕೆ ಕೆಳಗಿನ ಬೀದಿಯ ಎಮ್ಮೆಯ ಸಗಣಿ, ಅದೂ ಪೂರ್ತಿ ಕಳಿಯದ್ದು. ಬೀಜವನ್ನೆಲ್ಲ ಒಂದೇ ಟಬ್ಬಿನಲ್ಲಿ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚೆಲ್ಲಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಪಡಸಾಲೆಯ ಮೂಲೆಯ ಶಹಾಬಾದ್ ಪರಸಿ ಕಲ್ಲಿನ ಕಟ್ಟೆಯ ಮೇಲಿಟ್ಟೆ. ಒಂದು ಚಿಟಿಕೆಯನ್ನಾದರೂ ಉಳಿಸಿ ಇಟ್ಟುಕೊಳ್ಳೋಣ ಎಂದು ನನಗೆ ಹೊಳೆಯಲೇ ಇಲ್ಲ. ಸೋಲುವವರು ತಾನೇ ಉಳಿಸಿಡುವುದು!

ಟಬ್ಬು ಬಂದದ್ದರಿಂದ ಎಲ್ಲರಿಗಿಂತ ಹೆಚ್ಚು ಖುಷಿಯಾದವರು ಅತ್ತೆ. ಅವರು ದಿನವೂ ಬೆಳಿಗ್ಗೆ ಲಿಂಗಪೂಜೆ ಮಾಡಿಕೊಳ್ಳುತ್ತಾರೆ. ಆ ಪೂಜೆಯ ನೀರನ್ನು ಬಚ್ಚಲಿಗೆ ಚೆಲ್ಲುವಂತಿಲ್ಲ. ಯಾರ ಕಾಲೂ ತಾಗಬಾರದು, ಗಿಡದ ಬುಡಕ್ಕೇ ಹೋಗಬೇಕು. ಅದಕ್ಕಾಗಿ ಅವರು ತಮ್ಮ ಹಾಳು ಮೊಣಕಾಲು ಹಿಡಿದುಕೊಂಡು, ತಂಬಿಗೆಯೊಂದಿಗೆ ಮೆಟ್ಟಿಲು ಇಳಿದು, ಗೇಟಿನ ಪಕ್ಕದ ದಾಸವಾಳಕ್ಕೆ ಹಾಕಿ ಬರುತ್ತಿದ್ದರು. ಇಳಿಯುವಾಗ ಒಂದು ‘ಶಿವಾ’, ಹತ್ತುವಾಗ ಹತ್ತು ‘ಶಿವಾ’. ಈಗ ಮನೆಯೊಳಗೇ ಮಣ್ಣು, ಮಣ್ಣೊಳಗೆ ಬೀಜ. “ಬಸವಣ್ಣನೇ ಕಳಿಸ್ಯಾನ ನೋಡು ಈ ಟಬ್ಬು,” ಎಂದು ಅವರು ಪೂಜೆ ಮುಗಿಸಿ ತಂಬಿಗೆಯ ನೀರನ್ನೆಲ್ಲ ಅದಕ್ಕೆ ಹಾಕತೊಡಗಿದರು. ಸಾಯಂಕಾಲದ ಪೂಜೆಯದ್ದೂ ಅದಕ್ಕೇ.

ತೂತು ಇದ್ದ ಮೇಲೆ ನೀರು ಬಸಿಯಲೇಬೇಕಲ್ಲ. ಬಸಿಯಿತು. ಕಟ್ಟೆಯಿಂದ ಇಳಿದು, ನುಣುಪಾದ ಪರಸಿಯ ಮೇಲೆ ಹಾವಿನ ಹಾಗೆ ಹರಿದು, ಬಾಗಿಲ ತನಕ ಹೋಯಿತು. ಅದೇ ಹೊತ್ತಿಗೆ ವಾಡಿಯಲ್ಲಿ ಕೆಲಸ ಮುಗಿಸಿ ಬಂದ ಯಜಮಾನರು ಚಪ್ಪಲಿ ಸಮೇತ ಅದರ ಮೇಲೆ ಕಾಲಿಟ್ಟರು.

“ಅಯ್ಯಯ್ಯೋ, ಪೂಜಾದ ನೀರ ತುಳದ್ಯಲ್ಲೋ!” ಎಂದು ಅತ್ತೆ ಕೂಗಿದ ರೀತಿಗೆ ಕೆಳಗಿನ ಮನೆಯವರು ಮೇಲೆ ಓಡಿ ಬಂದರು.

ಮರುದಿನ ಟಬ್ಬಿನ ಕೆಳಗೆ ಒಂದು ತಾಟು ಇಟ್ಟೆ. ತಾಟು ತುಂಬಿ ಚೆಲ್ಲಿತು. ಬೋಗುಣಿ ಇಡೋಣವೆಂದರೆ ಕಟ್ಟೆ ಅಗಲವಿರಲಿಲ್ಲ. ‘ಅತ್ತಿ, ನೀರು ಕಮ್ಮಿ ಹಾಕ್ರಿ’ ಎನ್ನಬಹುದಿತ್ತು. ಆದರೆ ಆ ಮೊಣಕಾಲು, ಆ ಮೆಟ್ಟಿಲು! ಬಾಯಿ ಬರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಪೂಜೆಯ ನೀರು ತುಳಿಯುವುದೆಂದರೆ ನನಗೂ ಒಳಗೊಳಗೇ ಭಯ. ಶಾಲೆಯಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ಭಾಷಣ ಮಾಡುವ ನಾಲಿಗೆ ಬೇರೆ, ಆ ನೀರು ಕಂಡರೆ ಎತ್ತಿ ಇಡುವ ಕಾಲು ಬೇರೆ.

ನಮ್ಮ ಕಡೆಯವರಿಗೆ ಒಂದು ಚಟವಿದೆ. ಎಲ್ಲಿ ತೂತು ಕಂಡರೂ ಕೈ ಸಿಮೆಂಟ್ ಹುಡುಕುತ್ತದೆ. ಯಾವ ದಿಕ್ಕಿಗೆ ನೋಡಿದರೂ ಫ್ಯಾಕ್ಟರಿಯ ಚಿಮಣಿ ಕಾಣುವ ಸೀಮೆಯಲ್ಲಿ ಹುಟ್ಟಿದವರು ನಾವು, ಅರ್ಧ ಚೀಲ ಸಿಮೆಂಟ್ ಇಲ್ಲದ ಮನೆ ಇಲ್ಲ. ಬಚ್ಚಲಮನೆಯ ರಿಪೇರಿಗೆ ತಂದ ಬಿಳಿ ಸಿಮೆಂಟ್ ನಮ್ಮಲ್ಲೂ ಉಳಿದಿತ್ತು. ಟಬ್ಬನ್ನು ಹುಷಾರಾಗಿ ಅತ್ತೆಯ ಕೈಯಲ್ಲಿ ಎತ್ತಿ ಹಿಡಿಸಿ, ನಾನು ಕೆಳಗೆ ಅಂಗಾತ ಮಲಗಿ, ನಾನೇ ಕಾಯಿಸಿದ ಕಡ್ಡಿಯಿಂದ ನಾನೇ ಮಾಡಿದ ತೂತುಗಳನ್ನು ಒಂದೊಂದಾಗಿ ಮುಚ್ಚಿದೆ. ಚಮಚದ ಬೆನ್ನಿನಿಂದ ಸವರಿ ನುಣುಪು ಕೂಡ ಮಾಡಿದೆ. ಯಜಮಾನರು ನೋಡಿ, “ಭಾರಿ ಕೆಲಸ ಆಗ್ಯಾದ. ನಿನ್ನ ಗೌಂಡಿ ಕೆಲಸಕ್ಕ ಕಳಸಬೇಕಾಗಿತ್ತು,” ಎಂದರು. ಹೊಗಳಿಕೆ ಎಂದೇ ತಿಳಿದು ಹಿಗ್ಗಿದೆ.

ಬೀಜ ಮೊಳೆತವು. ಟಬ್ಬಿನ ತುಂಬ ಹಸಿರು, ಮದುವೆ ಮಂಟಪದಲ್ಲಿ ಜನ ಒತ್ತಿ ನಿಂತ ಹಾಗೆ. ಫೋಟೋ ತೆಗೆದು ವೈನಿಗೆ ವಾಟ್ಸಾಪ್ ಮಾಡಿದೆ. ಬೆಳಕು ಸಾಲದೆಂದು ಮೇಲೊಂದು ಟ್ಯೂಬ್‌ಲೈಟ್ ಜೋತು ಬಿಟ್ಟೆ. ಬಾಡಿಗೆ ವಸೂಲಿಗೆ ಬಂದ ಮನೆ ಮಾಲಕರು ಅದನ್ನು ನೋಡಿ, ಜಪಮಾಲೆ ತಿರುಗಿಸುವ ಕೈ ನಿಲ್ಲಿಸಿದರು.

“ಟೀಚರ್, ಏನ್ರಿ ಇದು? ಮನ್ಯಾಗ ಲೈಟ್ ಹಚ್ಚಿ ಗಿಡಾ ಬೆಳಸ್ಲಿಕತ್ತೀರಿ. ಗಾಂಜಾ ಗೀಂಜಾ ಏನೂ ಅಲ್ಲಲ್ಲ? ಮೊಬೈಲ್‌ದಾಗ ಹಿಂಗೇ ತೋರಸ್ತಾರ.”

“ಬದನಿಕಾಯಿ ರೀ,” ಎಂದೆ.

“ಬದನಿಕಾಯಿಗಿ ಇಷ್ಟು ಥಾಟು?” ಎಂದು ಅವರು ಅನುಮಾನದಿಂದಲೇ ಹೋದರು. ಪಾಪ, ಗಾಂಜಾ ಬೆಳೆಯುವವರು ನನಗಿಂತ ಬುದ್ಧಿವಂತರೇ ಇರಬೇಕು. ಅವರಾದರೂ ತೂತಿಗೆ ಸಿಮೆಂಟ್ ಹಾಕುವುದಿಲ್ಲ.

ಎರಡೆಲೆ ಬಿಟ್ಟ ಹೊತ್ತಿಗೆ, ಒಂದು ಬೆಳಿಗ್ಗೆ, ಟಬ್ಬಿನ ಒಂದು ಮೂಲೆಯಲ್ಲಿ ನಾಲ್ಕಾರು ಸಸಿ ಅಡ್ಡ ಬಿದ್ದಿದ್ದವು. ಎಲೆ ಇನ್ನೂ ಹಸಿರು, ಆದರೆ ಮಣ್ಣಿಗೆ ತಾಗುವ ಕಡೆ ಕಾಂಡ ದಾರದ ಹಾಗೆ ಸಣ್ಣಗಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಬಾಯಾರಿಕೆ ಇರಬೇಕೆಂದು ನಾನೂ ಒಂದು ಲೋಟ ನೀರು ಹಾಕಿದೆ. ಮರುದಿನ ಆ ಮೂಲೆ ಪೂರ್ತಿ ಮಲಗಿತು. ಇರುವೆ ಇರಬೇಕೆಂದು ಸುತ್ತ ಅರಿಶಿನ ಹಾಕಿದೆ. ಅದರ ಮರುದಿನ ಪಕ್ಕದ್ದೂ ಬಿದ್ದವು. ಟ್ಯೂಬ್‌ಲೈಟಿನ ಕಾವು ಹೆಚ್ಚಾಯಿತೆಂದು ಲೈಟ್ ಆರಿಸಿ, ತಂಪಿರಲಿ ಎಂದು ಹಾಳೆಯನ್ನು ಬಿಗಿಯಾಗಿ ಮುಚ್ಚಿ, ಇನ್ನಷ್ಟು ನೀರು ಚಿಮುಕಿಸಿದೆ. ಯಜಮಾನರು ಬಗ್ಗಿ ನೋಡಿ, “ಎಲ್ಲಾ ಒಂದ ಕಡಿಂದ ಮಲಕೋಂತ ಬರ್ಲಿಕತ್ತಾವಲ್ಲ,” ಎಂದರು. ಅವರ ಮೇಲೆಯೇ ರೇಗಿದೆ. ಯಾರ ಮೇಲಾದರೂ ರೇಗಬೇಕಿತ್ತು.

ಆ ವಾರ ಶಾಲೆಯಲ್ಲಿ ಶಿಲೀಂಧ್ರದ ಪಾಠ. ಬ್ರೆಡ್ಡಿನ ಮೇಲೆ ಬೂಸಲು ಹಿಡಿಯುವ ಚಿತ್ರ ಬರೆದು, ಕೆಳಗೆ ದೊಡ್ಡ ಅಕ್ಷರದಲ್ಲಿ ‘ತೇವಾಂಶ, ಗಾಳಿಯಾಡದ ಜಾಗ, ಕೊಳೆಯುವ ವಸ್ತು’ ಎಂದು ಬರೆಯುತ್ತಿದ್ದೆ. ‘ಜಾಗ’ದ ಹತ್ತಿರ ಕೈ ನಿಂತುಬಿಟ್ಟಿತು. ತೇವ, ಮುಚ್ಚಿದ ಹಾಳೆ, ಹಸಿ ಸಗಣಿ. ನಮ್ಮ ಮನೆಯ ಪಡಸಾಲೆಯ ಮೂಲೆಯನ್ನು ನಾನು ಬೋರ್ಡಿನ ಮೇಲೆ ಬರೆದಿದ್ದೆ! ಸಸಿ ಸಾಯುವ ರೋಗ ಎಂದು ಓದಿದ್ದು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದದ್ದು, ಎಲ್ಲ ಒಟ್ಟಿಗೆ ನೆನಪಾಗಿ ಮುಖಕ್ಕೆ ರಪ್ಪನೆ ಹೊಡೆದಂತಾಯಿತು. ಉಳಿದ ಪಾಠ ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಅವತ್ತು ‘ತಿಳೀತಾ?’ ಎಂದು ಕೇಳುವ ಧೈರ್ಯವಾಗಲಿಲ್ಲ.

ಮನೆಗೆ ಬಂದವಳೇ ಹಾಳೆ ಕಿತ್ತೆ. ಕೆಟ್ಟ ವಾಸನೆ ಬಂತು. ಮಣ್ಣಿನ ಮೇಲೆ ಹತ್ತಿಯಂಥ ಬೂಸಲು, ಅಂಚಿನಲ್ಲಿ ಪಾಚಿ. ಟಬ್ಬನ್ನು ವಾಲಿಸಿದರೆ ಹಸಿರು ನೀರು ತುಳುಕಿತು. ನಿಂತಿದ್ದ ಸಸಿಗಳು ಎರಡು ಕೈಯ ಬೆರಳಿಗೂ ಸಾಲವು. ಪರಸಿಯ ಮೇಲೆ ಕುಸಿದು ಕೂತೆ. ಅವ್ವ ಸತ್ತಾಗ ಊರವರ ಮುಂದೆ ಸರಿಯಾಗಿ ಅತ್ತಿರಲಿಲ್ಲ ನಾನು. ಅವತ್ತು ಆ ಟಬ್ಬಿನ ಮುಂದೆ ಅತ್ತುಬಿಟ್ಟೆ. ಅವಳು ವರ್ಷಗಟ್ಟಲೆ ಉಳಿಸಿಕೊಂಡು ಬಂದದ್ದನ್ನು ನಾನು ಒಂದೇ ಮುಂಗಾರಿನಲ್ಲಿ ಕೊಳೆಸಿದ್ದೆ.

ಅತ್ತೆ ಬಂದು ನಿಂತರು. “ಏನಾಯ್ತು ತಂಗಿ?”

“ನೀರ ಜಾಸ್ತಿ ಆಗ್ಯಾದ್ರಿ ಅತ್ತಿ. ಬುಡಾ ಕೊಳತಾವ.”

ಅವರ ಮುಖ ಬಾಡಿತು. “ಅಂದ್ರ... ನನ್ನ ಪೂಜಾದ ನೀರಿಗಿ ನಿಮ್ಮವ್ವನ ಬೀಜಾ ಸತ್ತಾವೇನು?”

“ಇಲ್ರಿ. ನೀವು ಹಾಕಿದ ನೀರಿಗಿ ಹೋಗಾಕ ಹಾದಿ ಇತ್ತು. ಹಾದಿಗಿ ಸಿಮೆಂಟ್ ಹಾಕದಾಕಿ ನಾನಾ.”

ಮರುದಿನ ಬೆಳಿಗ್ಗೆ ನೋಡಿದರೆ ತಂಬಿಗೆ ಹಿಡಿದು ಮೆಟ್ಟಿಲ ಕಡೆ ಹೊರಟಿದ್ದರು. ಕೈಯಿಂದ ಕಸಿದುಕೊಂಡು ನಾನೇ ಇಳಿದೆ. ಅವತ್ತಿನಿಂದ ಪೂಜೆಯ ನೀರನ್ನು ದಾಸವಾಳಕ್ಕೆ ಒಯ್ಯುವ ಕೆಲಸ ವಿಜ್ಞಾನದ ಟೀಚರದ್ದು. ಕೆಳಗಿನ ಮನೆಯವರು, ‘ಸೊಸಿ ಅಂದ್ರ ಹಿಂಗಿರಬೇಕು’ ಎಂದು ಹೊಗಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ಉಳಿದ ಸಸಿಗಳನ್ನು ಉಳಿಸಲು ರೋಗವಿಲ್ಲದ ಹೊಸ ಮಣ್ಣು ಬೇಕಿತ್ತು. ಮಣ್ಣನ್ನು ಬಿಸಿ ಮಾಡಿದರೆ ಶಿಲೀಂಧ್ರ ಸಾಯುತ್ತದೆ ಎಂಬುದಾದರೂ ಸರಿಯಾಗಿ ನೆನಪಿತ್ತು. ಅಗಲವಾದ ಪಾತ್ರೆ ಎಂದು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ರೊಟ್ಟಿಯ ಹಂಚು. ಮಣ್ಣಿಗೆ ಮರಳು ಬೆರೆಸಿ ಹಂಚಿನ ಮೇಲೆ ಹಾಕಿ ಸೌಟಿನಿಂದ ಕೈಯಾಡಿಸುತ್ತಿದ್ದೆ. ಅತ್ತೆ ವಾಸನೆ ಹಿಡಿದು ಬಂದರು.

“ಏ ನಿನ್ನ! ರೊಟ್ಟಿ ಹಂಚಿನ ಮ್ಯಾಲ ಮಣ್ಣ ಹುರೀಲಿಕತ್ತಿ! ತಲಿ ಗಿಲಿ ಕೆಟ್ಟಾದೇನು?”

“ರೋಗ ಸಾಯ್ಬೇಕ್ರಿ ಅತ್ತಿ.”

“ರೋಗ ಸಾಯ್ತಾದೋ ಇಲ್ಲೋ, ಆ ಹಂಚಿನ ಮ್ಯಾಲ ಇನ್ನ ರೊಟ್ಟಿ ಏಳಂಗಿಲ್ಲ ನೋಡು!”

ಅವರ ಮಾತೇ ನಿಜವಾಯಿತು. ಅದರ ಮೇಲೆ ಮತ್ತೆ ರೊಟ್ಟಿ ಉಬ್ಬಲಿಲ್ಲ, ಹೊಸ ಹಂಚು ಬಂತು. ಆದರೆ ಹುರಿದ ಮಣ್ಣು ಆರಿದ ಮೇಲೆ ಚಹಾದ ಕಾಗದದ ಕಪ್ಪುಗಳಿಗೆ ತೂತು ಮಾಡಿ, ತುಂಬಿ, ಒಂದಕ್ಕೆ ಒಂದೇ ಸಸಿಯನ್ನು ನೆಟ್ಟೆ. ಹಾಳೆ ಹೊದಿಸಲಿಲ್ಲ. ಕಿಟಕಿ ತೆರೆದು, ಟೇಬಲ್ ಫ್ಯಾನನ್ನು ದೂರದಲ್ಲಿ ಮೆಲ್ಲಗೆ ತಿರುಗಲು ಬಿಟ್ಟೆ. ಮಣ್ಣಿನ ಮೇಲ್ಮೈ ಒಣಗಿ ಬಣ್ಣ ಬದಲಾದ ಮೇಲೆಯೇ ಅಂಚಿಗೆ ಒಂದು ಚಮಚ ನೀರು. ಸೆಕೆಯಲ್ಲಿ ಬೆವರುತ್ತಿದ್ದ ಯಜಮಾನರು ಫ್ಯಾನಿನ ಕಡೆ ನೋಡಿ, “ನಾನೂ ಕಪ್ಪಿನ್ಯಾಗ ಕುಂದ್ರಲೇನು?” ಎಂದು ಕೇಳಿದರು. ಬೇರು ಹಿಡಿಯುವ ತನಕ ಇನ್ನೂ ಕೆಲವು ಸತ್ತವು. ಕೊನೆಗೆ ಗಟ್ಟಿಯಾಗಿ ಉಳಿದದ್ದು ಎರಡು.

ಒಂದನ್ನು ಮಾತಿನ ಪ್ರಕಾರ ಸುಲೇಪೇಟಕ್ಕೆ ಒಯ್ದು ವೈನಿಗೆ ಕೊಟ್ಟೆ. ಅವರು ನೆಟ್ಟ ಕಡೆ ಕೋಳಿಗಳು ಕೆದರಿ ತೆಗೆದವು. ಫೋನಿನಲ್ಲಿ ವೈನಿ ನನಗಿಂತ ಜಾಸ್ತಿ ಅತ್ತರು. ಉಳಿದದ್ದು ಒಂದೇ ಗಿಡ, ನಮ್ಮ ಗೇಟಿನ ಹತ್ತಿರ, ದಾಸವಾಳದ ಪಕ್ಕ, ಒಂದು ದೊಡ್ಡ ಬಕೀಟಿನಲ್ಲಿ, ಮಂಗಗಳಿಗೆ ಹೆದರಿ ಸುತ್ತಲೂ ತಂತಿಯ ಜಾಳಿಗೆಯೊಳಗೆ. ಹೂ ಬಿಟ್ಟಿತು, ಉದುರಿಸಿತು, ಮತ್ತೆ ಬಿಟ್ಟಿತು. ವರ್ಷದ ಪೂಜೆ ಹತ್ತಿರ ಬಂದಾಗ ಗಿಡದಲ್ಲಿ ಒಂದು ಕಾಯಿ ಇತ್ತು. ಒಂದೇ ಒಂದು. ಅದೇ ಬಿಳಿ ಗೆರೆ, ಅದೇ ಮುಳ್ಳು.

ಸುಲೇಪೇಟಕ್ಕೆ ಹೊರಡುವ ಬೆಳಿಗ್ಗೆ ಕತ್ತರಿ ಹಿಡಿದು ಕೆಳಗಿಳಿದೆ. ಜಾಳಿಗೆ ಸರಿಸಿ ಕೈ ಹಾಕುವಷ್ಟರಲ್ಲಿ ಹಿಂದಿನಿಂದ, “ಕೊಯ್ಯಬ್ಯಾಡ!” ಎಂಬ ದನಿ. ನೋಡಿದರೆ ಅತ್ತೆ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದರು. ಕೈಯಲ್ಲಿ ಹಳೆ ಸೀರೆಯಿಂದ ಹರಿದ ಒಂದು ಕೆಂಪು ಚಿಂದಿ.

“ಅಣ್ಣಗ ಮಾತ ಕೊಟ್ಟೀನ್ರಿ ಅತ್ತಿ. ಎಡಿ ಮ್ಯಾಲ ಇದಾ ಆಗಬೇಕಂದಾನ.”

“ಇದ ಒಂದ ಕಾಯಿ ಅದ. ಗಿಡಾ ನಾಳಿ ಇರ್ತದೋ ಇಲ್ಲೋ ಯಾರಿಗಿ ಗೊತ್ತು? ನಿಮ್ಮವ್ವ ಇದ್ದಿದ್ರ ಇದನ್ನ ಕೊಯ್ದು ಉಣ್ತಿದ್ಲೇನು? ಹಣ್ಣಾಗಲಿ ಬಿಡು, ಬೀಜಕ್ಕಾಯ್ತದ.” ಅವರು ಬಗ್ಗಲಾರದೆ ಬಗ್ಗಿ, ಆ ಕಾಯಿಯ ತೊಟ್ಟಿಗೆ ಚಿಂದಿ ಕಟ್ಟಿದರು. ಬೀಜಕ್ಕೆ ಬಿಟ್ಟದ್ದು, ಯಾರೂ ಮುಟ್ಟಬಾರದು ಎಂಬ ಗುರುತು ಅದು. ಮುಳ್ಳು ಚುಚ್ಚಿ ಬೆರಳಿಗೆ ರಕ್ತ ಬಂದರೂ ಗಂಟು ಬಿಗಿಯಾಗುವ ತನಕ ಬಿಡಲಿಲ್ಲ. ಕತ್ತರಿಯನ್ನು ನಾನು ಬ್ಯಾಗಿಗೆ ಹಾಕಿಕೊಂಡೆ.

ಸುಲೇಪೇಟದ ಬಸ್ ನಿಲ್ದಾಣದ ಹತ್ತಿರ ಒಂದು ಗಾಡಿಯಲ್ಲಿ ಸಣ್ಣ ಹಸಿರು ಬದನೆ ಇತ್ತು, ಎಲ್ಲಿಯದೋ ಹೈಬ್ರಿಡ್. ತೂಕ ಮಾಡಿಸಿಕೊಂಡು ಹೋದೆ. ಅಡುಗೆಮನೆಯಲ್ಲಿ ವೈನಿಗೆ ಎಲ್ಲ ಹೇಳಿದೆ. ಅವರು ಅದನ್ನೇ ಸೀಳಿ, ಸೇಂಗಾ, ಎಳ್ಳು, ಗುರೆಳ್ಳು ತುಂಬಿ, ಅವ್ವ ಮಾಡುತ್ತಿದ್ದ ಹಾಗೆಯೇ ಎಣ್ಣೆಗಾಯಿ ಮಾಡಿದರು. ಅಣ್ಣನಿಗೆ ಊಟದ ಮುಂಚೆ ಹೇಳಿಬಿಡಬೇಕೆಂದುಕೊಂಡೆ. ಆದರೆ ಸ್ವಾಮಿಗಳು ಬಂದರು, ಪೂಜೆ ನಡೆಯಿತು, ಅವ್ವನ ಫೋಟೋದ ಮುಂದೆ ಎಡೆ ಇಟ್ಟದ್ದಾಯಿತು. ಹೇಳುವುದಕ್ಕೆ ಸಂದು ಸಿಗಲಿಲ್ಲ.

ಪಂಕ್ತಿಯಲ್ಲಿ ನಾನು ಬಡಿಸುತ್ತಿದ್ದೆ. ಅಣ್ಣ ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿಕೊಂಡು, ಬಾಯಿಗಿಟ್ಟ. ಅಗಿಯುವುದು ನಿಂತಿತು. ಸಿಕ್ಕಿಬಿದ್ದೆ ಅಂದುಕೊಂಡೆ.

ಅವನು ತಲೆ ಎತ್ತಿದಾಗ ಕಣ್ಣು ತುಂಬಿದ್ದವು. “ಅದಾ ರುಚಿ,” ಎಂದ. “ಅವ್ವನ ಬದನಿಕಾಯಿನೇ. ಒಂದ ಚೂರೂ ಫರಕ ಇಲ್ಲ. ಹೆಂಗ ಉಳಸಿದ್ಯವ್ವಾ ತಂಗಿ!” ಇಷ್ಟು ದೊಡ್ಡ ಗಂಡಸು, ಪಂಕ್ತಿಯ ನಡುವೆ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಉಣ್ಣತೊಡಗಿದ.

ಬಾಯಿ ತೆರೆದೆ. ಆಚೆ ನಿಂತಿದ್ದ ವೈನಿ ತಲೆ ಅಲ್ಲಾಡಿಸಿ ಬೇಡವೆಂದರು. ಆಮೇಲೆ ಅಡುಗೆಮನೆಯಲ್ಲಿ ತಳಕ್ಕೆ ಅಂಟಿದ್ದನ್ನು ಬೆರಳಿನಿಂದ ಬಳಿದು ನಾನೂ ತಿಂದು ನೋಡಿದೆ. ಎಷ್ಟು ಬಾರಿ ನೆಕ್ಕಿದರೂ ನನ್ನ ನಾಲಿಗೆಗೆ ಅದು ಗಾಡಿಯ ಬದನೆಯೇ. ಹೊರಗಿನಿಂದ ಅಣ್ಣ, “ಇನ್ನೊಂದೀಟು ಪಲ್ಯ ತಾರವ್ವ,” ಎಂದು ಕೂಗಿದ. ಉಳಿದದ್ದನ್ನೆಲ್ಲ ಬಳಿದು ಒಯ್ದು ಅವನ ತಾಟಿಗೆ ಹಾಕಿದೆ.